ಸಂಬಳ ನಿಂತರೆ ಎಷ್ಟು ತಿಂಗಳು?

ಆರ್ಥಿಕ ಸ್ವಾತಂತ್ರ್ಯದ ಮಾತು ಈಗೀಗ ಕೋಟಿಗಳಲ್ಲೇ ಶುರುವಾಗುತ್ತದೆ. ನಲವತ್ತೈದಕ್ಕೆ ಕೆಲಸ ಬಿಡಬೇಕಿದ್ದರೆ ಎರಡು ಕೋಟಿ, ಮಗಳನ್ನು ಹೊರದೇಶದಲ್ಲಿ ಓದಿಸಬೇಕಿದ್ದರೆ ಮೇಲೊಂದು ಕೋಟಿ, ಹಣದುಬ್ಬರ ಸೇರಿಸಿದರೆ ಒಟ್ಟು ಐದು ಎಂದು ಮೊಬೈಲಿನ ಕ್ಯಾಲ್ಕುಲೇಟರು ಅರೆನಿಮಿಷದಲ್ಲಿ ಹೇಳಿಬಿಡುತ್ತದೆ. ಆ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ತಿಂಗಳಿಗೆ ನಲವತ್ತು ಸಾವಿರ ದುಡಿಯುವವರ ಕೈಗೆ ಐದು ಕೋಟಿಯ ಗುರಿ ಕೊಟ್ಟರೆ ಅವರು ಅದನ್ನಿಟ್ಟುಕೊಂಡು ಮಾಡುವುದೇನು? ಒಂದೋ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತಾರೆ, ಇಲ್ಲವೇ ಬೇಗ ತಲುಪಿಸುವ ಅಡ್ಡದಾರಿ ಹುಡುಕಲು ಹೊರಡುತ್ತಾರೆ. ಎರಡರಲ್ಲೂ ನಷ್ಟವಿದೆ, ಎರಡನೆಯದರಲ್ಲಿ ಹೆಚ್ಚು. ಹಾಗಾಗಿ ಅಳತೆಗೋಲನ್ನೇ ಬದಲಿಸಬೇಕು ಎಂಬುದು ನನ್ನ ವಾದ. ಪ್ರತಿ ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಬರುವ ತಿಂಗಳಿನಿಂದ ಮನೆಗೆ ಒಂದು ರೂಪಾಯಿ ಆದಾಯವೂ ಬರದಿದ್ದರೆ, ಹೊಸ ಸಾಲ ಮಾಡದೆ, ಯಾರ ಮುಂದೂ ಕೈಚಾಚದೆ, ಮಾರಬಾರದ್ದನ್ನು ಮಾರದೆ ಸಂಸಾರ ಎಷ್ಟು ತಿಂಗಳು ಈಗಿನಂತೆಯೇ ನಡೆದೀತು? ಬರುವ ಉತ್ತರವೇ ಆ ಮನೆಯ ಆರ್ಥಿಕ ಸ್ವಾತಂತ್ರ್ಯದ ಅಳತೆ.

ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಬೆಂಗಳೂರಿನ ಸರ್ಜಾಪುರ ರಸ್ತೆಯ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು 2 ಲಕ್ಷ ರೂಪಾಯಿ ತರುತ್ತಾರೆ. ಮನೆಸಾಲದ ಕಂತು, ಕಾರಿನ ಕಂತು, ಮಕ್ಕಳ ಶಾಲೆ, ಮನೆಗೆಲಸದವರ ಸಂಬಳ ಎಲ್ಲ ಸೇರಿ ಖರ್ಚು 1.80 ಲಕ್ಷ. ಉಳಿತಾಯ ಖಾತೆ ಮತ್ತು ಎಫ್‌ಡಿಯಲ್ಲಿ 2.70 ಲಕ್ಷ ಇದೆ. ದಾವಣಗೆರೆಯ ಒಂದು ಮನೆಗೆ ತಿಂಗಳಿಗೆ ಬರುವುದು 38 ಸಾವಿರ, ಹೋಗುವುದು 27 ಸಾವಿರ. ಅವರ ಬ್ಯಾಂಕಿನಲ್ಲೂ 2.70 ಲಕ್ಷವೇ ಇದೆ. ಸಂಬಳ ನಿಂತರೆ ಮೊದಲನೆಯ ಮನೆ ಒಂದೂವರೆ ತಿಂಗಳಿಗೆ ನೆಲಕಚ್ಚುತ್ತದೆ. ಎರಡನೆಯ ಮನೆಗೆ ಹತ್ತು ತಿಂಗಳ ಅವಕಾಶವಿದೆ. ಮೇಲಧಿಕಾರಿ ಅವಮಾನಿಸಿದರೆ, ಕಂಪನಿ ಊರು ಬದಲಿಸೆಂದರೆ, ಎರಡು ತಿಂಗಳು ಸಂಬಳ ತಡವಾದರೆ ಈ ಇಬ್ಬರಲ್ಲಿ ಯಾರು ತಲೆಯೆತ್ತಿ ಮಾತಾಡಬಲ್ಲರು? ಆದಾಯದಲ್ಲಿ ಐದು ಪಟ್ಟು ಮೇಲಿರುವವರಂತೂ ಅಲ್ಲ.

ಹೀಗೆ ನೋಡಿದಾಗ ಸ್ವಾತಂತ್ರ್ಯವೆಂದರೆ ಕಾಯುವ ತಾಕತ್ತು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಮಾತನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ಚೀಲದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಬೆಲೆ ಬಂದಾಗ ಕೊಟ್ಟವನು ಗೆದ್ದ. ಆದರೆ ಕೊಯ್ಲಿಗೆ ಮೊದಲೇ ಮಂಡಿಯಿಂದ ಮುಂಗಡ ತಂದವನಿಗೆ ಆ ಆಯ್ಕೆ ಇಲ್ಲ. ಅವನ ಅಡಿಕೆ ಒಣಗುವ ಮೊದಲೇ ಮಾರಾಟವಾಗಿರುತ್ತದೆ, ಬೆಲೆ ಹೇಳುವವನು ಸಾಲ ಕೊಟ್ಟವನೇ. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಶಿವಮೊಗ್ಗದಲ್ಲಿ 1939ರಲ್ಲಿ ಮಾಮ್‌ಕೋಸ್ ಹುಟ್ಟಿದವು, ಬೆಲೆ ಕುಸಿತದ ಪೆಟ್ಟು ತಿಂದ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಇವುಗಳ ಹಿಂದಿನ ಲೆಕ್ಕಾಚಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೆಳೆಗಾರನಿಗೆ ಕಾಯಲು ಸಮಯ ಕೊಡಿಸುವುದು. ಮಾಲು ಗೋದಾಮಿನಲ್ಲಿಟ್ಟು, ಅದರ ಮೇಲೆ ಸಂಘದಿಂದ ಮುಂಗಡ ಪಡೆದು, ಮನೆಖರ್ಚು ನಡೆಸಿಕೊಂಡು ಬೆಲೆಗಾಗಿ ಕಾಯುವ ವ್ಯವಸ್ಥೆ ಅದು. (ಕೋಲಾರದ ಟೊಮೆಟೊ ಬೆಳೆಗಾರನ ಪಾಡು ಬೇರೆ. ಕೈಯಲ್ಲಿ ಹಣವಿದ್ದರೂ ಹಣ್ಣು ಕಾಯುವುದಿಲ್ಲ. ಕಾಯುವ ತಾಕತ್ತಿಗೆ ಹಣ ಒಂದೇ ಸಾಲದು ಎಂಬುದನ್ನು ಮರೆಯಬಾರದು.) ಸಂಬಳದಾರನ ಸರಕು ಅವನ ದುಡಿಮೆ. ಅದನ್ನು ಒಳ್ಳೆಯ ಬೆಲೆಗೆ ಮಾರಬೇಕಾದರೆ ಅವನಿಗೂ ಕಾಯಲು ಕೆಲವು ತಿಂಗಳು ಬೇಕು.

ಕೋಟಿಯ ಲೆಕ್ಕ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಒಂದು ಲೇಖನ ಬರೆದರು. ನಿವೃತ್ತರು ತಮ್ಮ ಗಂಟಿನಿಂದ ಮೊದಲ ವರ್ಷ ಶೇ. 4ರಷ್ಟು ತೆಗೆದು, ಮುಂದೆ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಅಷ್ಟಷ್ಟೇ ಹೆಚ್ಚಿಸಿಕೊಂಡು ಹೋದರೆ ಹಣ ಕನಿಷ್ಠ 30 ವರ್ಷ ಬಾಳುತ್ತದೆ ಎಂದು ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡುಗಳ 1926ರಿಂದೀಚಿನ ಅಂಕಿಅಂಶ ಇಟ್ಟು ತೋರಿಸಿದರು. ಶೇ. 4 ಎಂದರೆ ವರ್ಷದ ಖರ್ಚಿನ 25 ಪಟ್ಟು. ನಮ್ಮ ಸಲಹೆಗಾರರು ಉರುಳಿಸುವ ಸಂಖ್ಯೆಯ ಮೂಲ ಇದೇ: ತಿಂಗಳಿಗೆ 60 ಸಾವಿರ ಖರ್ಚಿದ್ದರೆ ವರ್ಷಕ್ಕೆ 7.20 ಲಕ್ಷ, ಅದರ 25 ಪಟ್ಟು 1.80 ಕೋಟಿ. ಬೆಂಗೆನ್ ಇದನ್ನು ಹೇಳಿದ್ದು ದುಡಿಮೆಯ ಬದುಕು ಮುಗಿಸಿ, ಮುಂದಿನ ಮೂರು ದಶಕಗಳ ಚಿಂತೆಯಲ್ಲಿರುವ ಅಮೆರಿಕನ್ನರಿಗೆ. ಮುಂದೆ ಆ ಸಂಖ್ಯೆಯನ್ನು ಅವರೇ ಪರಿಷ್ಕರಿಸಿದರು. ಅದನ್ನು ಹಾಗೆಯೇ ಎತ್ತಿ ತಂದು, ಬೆಲೆಯೇರಿಕೆ ಹೆಚ್ಚಿರುವ, ಆಸ್ಪತ್ರೆ ಬಿಲ್ಲಿನ ದೊಡ್ಡ ಪಾಲನ್ನು ಜೇಬಿನಿಂದಲೇ ಕಟ್ಟುವ, ಮುಂದೆ ಐವತ್ತು ವರ್ಷ ಬದುಕಬೇಕಾದ 35ರ ಹರೆಯದ ಕನ್ನಡಿಗನ ಮುಂದಿಟ್ಟರೆ ಲೆಕ್ಕದ ಬುಡವೇ ಅಲ್ಲಾಡುತ್ತದೆ. ಆದರೂ ಅದರಲ್ಲೊಂದು ಉಪಯೋಗವಿದೆ. 25 ವರ್ಷದ ಖರ್ಚು ಎಂದರೆ 300 ತಿಂಗಳ ಖರ್ಚು. ಹಾಗೆ ಓದಿದ ಕೂಡಲೇ ಸೊನ್ನೆಗೂ 300ಕ್ಕೂ ನಡುವೆ ಇರುವ 3, 6, 12, 24 ಕಣ್ಣಿಗೆ ಬೀಳುತ್ತವೆ. ಈ ತಿಂಗಳುಗಳಿಗೆಲ್ಲ ಒಂದೇ ತೂಕವೂ ಇಲ್ಲ. 150ರಿಂದ 300ಕ್ಕೆ ಹೋದವರ ದಿನಚರಿಯಲ್ಲಿ ಹೆಚ್ಚೇನೂ ಬದಲಾಗದು. ಸೊನ್ನೆಯಿಂದ ಮೂರಕ್ಕೆ ಬಂದವರ ಬದುಕೇ ಬದಲಾಗುತ್ತದೆ: ಬಡ್ಡಿಯವನ ಬಾಗಿಲು ತಪ್ಪುತ್ತದೆ, ರಾತ್ರಿ ನಿದ್ದೆ ಬರುತ್ತದೆ.

ಕೋಟಿಯ ಗುರಿ ಹುಟ್ಟಿಸುವ ಆತುರಕ್ಕೆ ಪುರಾವೆ ಬೇಕಿದ್ದರೆ ಷೇರುಪೇಟೆ ನಿಯಂತ್ರಕ ಸೆಬಿಯ ವರದಿ ತೆಗೆದು ನೋಡಬಹುದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ನೂರಕ್ಕೆ ತೊಂಬತ್ತಮೂರು ಮಂದಿ ಸೋಲುವ ಆಟಕ್ಕೆ ಬುದ್ಧಿವಂತರು ಏಕೆ ಇಳಿಯುತ್ತಾರೆ? ನಿಧಾನದ ದಾರಿಯಲ್ಲಿ ಆ ಕೋಟಿ ಈ ಜನ್ಮಕ್ಕೆ ಸಿಗದು ಎಂದು ಅವರಿಗೆ ಅನ್ನಿಸಿರುವುದೂ ಒಂದು ಕಾರಣ ಎಂಬುದು ನನ್ನ ಅನುಮಾನ. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಬಡ್ಡಿ ಬೇಡವೆನ್ನುವ ಧರ್ಮಶ್ರದ್ಧೆಯ ಜನರಿಗೆ ಲಾಭಾಂಶದ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಕೊಟ್ಟು ನಂಬಿಸಿದ ಜಾಲವದು. ಅಲ್ಲಿ ಹಣವಿಟ್ಟವರನ್ನು ದುರಾಸೆಯವರೆಂದು ಹಳಿಯುವುದು ಸುಲಭ. ಆದರೆ ಬ್ಯಾಂಕಿನ ಆಚೆಗೆ ಸಣ್ಣ ಉಳಿತಾಯಕ್ಕೆ ಭದ್ರ ಜಾಗವೇ ಕಾಣದ, ದೊಡ್ಡ ಗುರಿಯನ್ನು ಮಾತ್ರ ಎಲ್ಲ ಕಡೆಯಿಂದ ಕೇಳುತ್ತಿದ್ದ ಜನ ಅವರು.

ತಿಂಗಳಲ್ಲಿ ಅಳೆಯತೊಡಗಿದರೆ ಲೆಕ್ಕದ ಇನ್ನೊಂದು ಗುಣ ಹೊರಗೆ ಬರುತ್ತದೆ. ಇದು ಭಾಗಾಕಾರ: ಕೈಯಲ್ಲಿರುವ ಹಣ ಮೇಲೆ, ತಿಂಗಳ ಖರ್ಚು ಕೆಳಗೆ. ಖರ್ಚಿನಲ್ಲಿ 5 ಸಾವಿರ ಇಳಿಸಿದರೆ ಮೇಲಿನ ಸಂಖ್ಯೆ ಪ್ರತಿ ತಿಂಗಳೂ ಅಷ್ಟು ಏರುತ್ತದೆ, ಕೆಳಗಿನದು ಶಾಶ್ವತವಾಗಿ ಅಷ್ಟು ಇಳಿಯುತ್ತದೆ. ಸಂಬಳ 5 ಸಾವಿರ ಹೆಚ್ಚಿ, ಜೊತೆಗೇ ಖರ್ಚೂ ಅಷ್ಟೇ ಹೆಚ್ಚಿದರೆ ಸ್ವಾತಂತ್ರ್ಯ ಕುಗ್ಗುತ್ತದೆ, ಏಕೆಂದರೆ ಇದ್ದ ಹಣವೇ ಈಗ ಕಡಿಮೆ ತಿಂಗಳಿಗೆ ಸಾಕಾಗುತ್ತದೆ. ಬಡ್ತಿ ಸಿಕ್ಕ ವರ್ಷವೇ ಮನೆಯ ಪರಿಸ್ಥಿತಿ ಬಿಗಿಯಾಯಿತು ಎಂದು ಗೊಣಗುವವರು ಕಾರಣವನ್ನು ಇಲ್ಲಿ ಹುಡುಕಬೇಕು. ಖರ್ಚುಗಳಲ್ಲೂ ಬಾಗುವ ಖರ್ಚು, ಬಾಗದ ಖರ್ಚು ಎಂದು ಎರಡು ಬಗೆ. ಹೋಟೆಲು, ಬಟ್ಟೆ, ಪ್ರವಾಸ ಬಾಗುತ್ತವೆ. ಬಾಡಿಗೆ ಮನೆಯನ್ನೂ ಕಷ್ಟಪಟ್ಟು ಸಣ್ಣದಕ್ಕೆ ಬದಲಿಸಬಹುದು. ಕಂತು ಮಾತ್ರ ಬಾಗುವುದಿಲ್ಲ, ಅದಕ್ಕೆ ಮನೆಯವರ ಕಷ್ಟಸುಖ ಗೊತ್ತಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ ವರ್ಷಕ್ಕೆ ಶೇ. 42. ಅಂಥ ಬಾಕಿ ಇಟ್ಟುಕೊಂಡು ಮ್ಯೂಚುವಲ್ ಫಂಡಿನ ಎಸ್‌ಐಪಿ ಕಟ್ಟುವುದು ತೂತು ಮಡಕೆಗೆ ನೀರು ಹೊಯ್ದಂತೆ.

ಸ್ವಂತ ಮನೆ ಆಸ್ತಿಯಲ್ಲವೇ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಆಸ್ತಿ ಹೌದು, ಮುದಿ ವಯಸ್ಸಿನಲ್ಲಿ ಬಾಡಿಗೆ ಉಳಿಸುವ ಆಸ್ತಿ. ಆದರೆ ವಾಸದ ಮನೆಯನ್ನು ತಿಂಗಳ ಲೆಕ್ಕಕ್ಕೆ ಸೇರಿಸಲಾಗದು. ಸಂಬಳ ನಿಂತ ತಿಂಗಳು ಮಲಗುವ ಕೋಣೆಯನ್ನು ಮಾರಿ ದಿನಸಿ ತರಲು ಬರುವುದಿಲ್ಲ. 50 ಲಕ್ಷ ರೂಪಾಯಿ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೇ 35,400 ಹೋಗುತ್ತದೆ, ಅಸಲು ಇಳಿಯುವುದು 8 ಸಾವಿರ ಮಾತ್ರ. ಒಟ್ಟು ಕಟ್ಟುವುದು ಒಂದು ಕೋಟಿ 4 ಲಕ್ಷದಷ್ಟು. ಇದನ್ನು ಬೇಡವೆನ್ನಲು ಹೇಳುತ್ತಿಲ್ಲ. ನಮ್ಮಲ್ಲಿ ಮನೆಯೆಂಬುದು ಲೆಕ್ಕಕ್ಕಿಂತ ಹೆಚ್ಚಿನದು, ಹೆಣ್ಣು ಕೊಡುವವರಿಂದ ಹಿಡಿದು ಬಾಡಿಗೆದಾರರ ಜಾತಿ ಕೇಳುವ ಮಾಲೀಕರವರೆಗೆ ಅದರ ಕಾರಣಗಳು ಹಬ್ಬಿವೆ. ನನ್ನ ತಕರಾರು ಕ್ರಮದ ಬಗ್ಗೆ. ಇರುವ ಉಳಿತಾಯವನ್ನೆಲ್ಲ ಮುಂಗಡಕ್ಕೆ ಸುರಿದು, ಗೃಹಪ್ರವೇಶದ ದಿನ ಕೈಯಲ್ಲಿ ಅರ್ಧ ತಿಂಗಳ ಖರ್ಚೂ ಇಲ್ಲದೆ ನಿಲ್ಲುವವರು ಮನೆಯ ಮಾಲೀಕರಾದ ದಿನವೇ ಉದ್ಯೋಗದ ಆಳಾಗುತ್ತಾರೆ. ಆರು ತಿಂಗಳ ಖರ್ಚನ್ನು, ಹೊಸ ಕಂತನ್ನೂ ಸೇರಿಸಿ, ಪಕ್ಕಕ್ಕಿಟ್ಟ ಮೇಲೆ ಎಷ್ಟು ದೊಡ್ಡ ಮನೆ ಕೈಗೆಟುಕುತ್ತದೋ ಅಷ್ಟೇ ಕೈಗೆಟುಕುವ ಮನೆ.

ಚಿನ್ನದ ಮಾತಿಗೆ ಬಂದರೆ ಲೆಕ್ಕ ಸ್ವಲ್ಪ ಸೂಕ್ಷ್ಮವಾಗುತ್ತದೆ. ಅದು ಸತ್ತ ಹಣ ಎಂದು ಅರ್ಥಶಾಸ್ತ್ರದವರು ಮೂಗು ಮುರಿಯುತ್ತಾರೆ. ಆದರೆ ರಾಜ್ಯದ ಬಹುಪಾಲು ಮನೆಗಳಲ್ಲಿ ತುರ್ತಿಗೆ ಒದಗುವ ನಿಧಿಯೆಂದರೆ ಬೀರುವಿನ ಒಡವೆಯೇ. ಬೆಳಿಗ್ಗೆ ಅಡವಿಟ್ಟರೆ ಮಧ್ಯಾಹ್ನಕ್ಕೆ ಹಣ ಸಿಗುವ ಸೌಲಭ್ಯವನ್ನು ಬೇರಾವ ಆಸ್ತಿಯೂ ಕೊಡುವುದಿಲ್ಲ. ಹಾಗಾಗಿ ಒಡವೆಯನ್ನು ತಿಂಗಳ ಲೆಕ್ಕಕ್ಕೆ ಸೇರಿಸಬಹುದು, ಪೂರ್ತಿಯಲ್ಲ, ಅರ್ಧಕ್ಕೆ. ಅಡವಿಗೆ ಬಡ್ಡಿಯಿದೆ, ಬಿಡಿಸಿಕೊಳ್ಳದಿದ್ದರೆ ಹರಾಜಿದೆ. ಇನ್ನೂ ದೊಡ್ಡ ಪ್ರಶ್ನೆ, ಅದು ಯಾರ ಚಿನ್ನ? ಕಾನೂನಿನಲ್ಲಿ ಸ್ತ್ರೀಧನ ಹೆಂಡತಿಯದು. ಅಡವಿಡುವ ತೀರ್ಮಾನ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡನದು, ಅವನ ವ್ಯಾಪಾರಕ್ಕೆ, ಅವನ ತಮ್ಮನ ಮದುವೆಗೆ. ಮನೆಗೆ ಹತ್ತು ತಿಂಗಳ ಸ್ವಾತಂತ್ರ್ಯವಿದ್ದು ಮನೆಯೊಡತಿಗೆ ಸೊನ್ನೆ ತಿಂಗಳಿರಬಹುದು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದ್ದು 1994ರಲ್ಲಿ, ಕೇಂದ್ರದ 2005ರ ಕಾನೂನಿಗಿಂತ ಮೊದಲೇ. ಆದರೂ ತವರಿನ ಸಂಬಂಧ ಕೆಡದಿರಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2 ಸಾವಿರ ರೂಪಾಯಿಯ ಬಗ್ಗೆ ಏನೇ ರಾಜಕೀಯ ವಾದವಿರಲಿ, ಅದು ಮನೆಯೊಡತಿಯ ಹೆಸರಿನ ಖಾತೆಗೆ ಬೀಳುತ್ತದೆ ಎಂಬುದು ಮೊತ್ತಕ್ಕಿಂತ ದೊಡ್ಡ ಸಂಗತಿ. ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯಾಗಿ ತಮ್ಮ ತಿಂಗಳು ಎಣಿಸಿಕೊಳ್ಳುವುದು ಒಳ್ಳೆಯದು. ದಾಂಪತ್ಯಕ್ಕೆ ಅದರಿಂದ ಕೇಡಿಲ್ಲ.

ಕಡಿಮೆ ಆದಾಯದವರು ಉಳಿಸಲಾರರು ಎಂಬ ಮಾತಿಗೆ ನಮ್ಮ ಕರಾವಳಿಯ ಇತಿಹಾಸ ಅರ್ಧ ಉತ್ತರ ಕೊಡುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ದಿನಾಲೂ ಮನೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ನೇಕಾರ, ಮೀನು ಮಾರುವವಳು, ಬೀಡಾ ಅಂಗಡಿಯವ ಹೀಗೆ ಉಳಿತಾಯಕ್ಕೆ ಬಂದರು. ಬಡ್ಡಿಯ ದರಕ್ಕಿಂತ ಈ ಯೋಜನೆಯ ಜಾಣತನವಿದ್ದದ್ದು ಬೇರೆಡೆ: ಹಣ ಖರ್ಚಾಗುವ ಮೊದಲೇ ಕೈಯಿಂದ ದಾಟುತ್ತಿತ್ತು, ದಿನದ ದುಡಿಮೆಗೆ ದಿನದ ಉಳಿತಾಯ ಹೊಂದುತ್ತಿತ್ತು. ಸಂಬಳದಾರರಿಗೆ ಇದೇ ಕೆಲಸವನ್ನು ಪ್ರಾವಿಡೆಂಟ್ ಫಂಡ್ ಮಾಡುತ್ತದೆ. ಆದರೆ ದೇಶದ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಉದ್ಯೋಗದವರು, ಅವರಿಗೆ ಸಂಬಳದ ಚೀಟಿಯೂ ಇಲ್ಲ, ಪಿಎಫ್ ಕಡಿತವೂ ಇಲ್ಲ. ಅವರಲ್ಲಿ ಬಹಳ ಮಂದಿ ನೆಚ್ಚಿಕೊಂಡಿರುವುದು ಚೀಟಿಯನ್ನು. ಚೀಟಿ ಕಟ್ಟುವವರನ್ನು ನಾನು ಲಘುವಾಗಿ ಕಾಣುವುದಿಲ್ಲ. ತಿಂಗಳಿಗೊಮ್ಮೆ ಕಟ್ಟಲೇಬೇಕಾದ ಮುಲಾಜು ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ಫೀ ಕಟ್ಟಿಸಿದೆ. ಸರ್ಕಾರದ ಎಂಎಸ್‌ಐಎಲ್ ಕೂಡ 1982ರ ಚಿಟ್‌ಫಂಡ್ ಕಾಯ್ದೆಯಡಿ ಚೀಟಿ ನಡೆಸುತ್ತದೆ. ಆದರೆ ತುರ್ತಿನ ದಿನ ಹಣ ಬೇಕೆಂದರೆ ಹರಾಜಿನಲ್ಲಿ ಭಾರಿ ಮೊತ್ತ ಬಿಟ್ಟುಕೊಟ್ಟು ಕೂಗಬೇಕು. ನೋಂದಣಿಯಿಲ್ಲದ ಬೀದಿ ಚೀಟಿಯಾದರೆ ನಡೆಸುವವರು ಊರಲ್ಲಿ ಇರುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. ಆದ್ದರಿಂದ ಚೀಟಿ ಶಿಸ್ತಿಗೆ ಸರಿ, ತಿಂಗಳ ಎಣಿಕೆಗೆ ಅಲ್ಲ.

ಕೂಡಿಟ್ಟ ತಿಂಗಳುಗಳು ಕರಗದಂತೆ ಕಾಯುವುದೂ ಇದೆ. ಇಲ್ಲಿ ಎರಡು ದೊಡ್ಡ ಬಿಲಗಳು. ಒಂದು, ಬಡ್ಡಿಯ ಒಂದೆರಡು ಶೇಕಡದ ಆಸೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ತೆಗೆಯಲು ಸಿಕ್ಕಿದ್ದು 35 ಸಾವಿರ ರೂಪಾಯಿ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರ ಪಾಸ್‌ಬುಕ್ಕಿನಲ್ಲಿ ವರ್ಷಗಳೇ ಇದ್ದವು, ಕೈಯಲ್ಲಿ ಒಂದು ತಿಂಗಳು. ಠೇವಣಿ ವಿಮೆಯ ಮಿತಿ ಆಗ 1 ಲಕ್ಷ, ಮರುತಿಂಗಳು ಅದು 5 ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಇಡುವವರು ಆ ಮಿತಿಯನ್ನು ನೆನಪಿಟ್ಟುಕೊಳ್ಳಬೇಕು. ಇನ್ನೊಂದು ಬಿಲ ಆಸ್ಪತ್ರೆ. ಹತ್ತು ತಿಂಗಳ ಉಳಿತಾಯವನ್ನು ಹತ್ತು ದಿನದ ಐಸಿಯು ನುಂಗುತ್ತದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ, ಉಳಿದವರು ಆರೋಗ್ಯ ವಿಮೆ ಮಾಡಿಸಿಕೊಳ್ಳದೆ ಷೇರಿನ ಮಾತಾಡುವುದು ವ್ಯರ್ಥ. ಜೀವವಿಮೆಯಲ್ಲಿ ನಮ್ಮವರು ಮಾಡುವ ಎಡವಟ್ಟು ಒಂದೇ: ಸತ್ತರೂ ಬರಬೇಕು, ಬದುಕಿದರೂ ಬರಬೇಕು ಎನ್ನುವುದು. ಅಂಥ ಪಾಲಿಸಿಯಲ್ಲಿ ಬೆಳವಣಿಗೆ ಶೇ. 5-6ರ ಆಸುಪಾಸು, ರಕ್ಷಣೆ ಕೆಲವೇ ಲಕ್ಷ. ಬರೀ ಸಾವಿಗೆ ಮಾತ್ರ ಹಣ ಕೊಡುವ ಟರ್ಮ್ ವಿಮೆ ಅಗ್ಗ. ಪ್ರಧಾನಮಂತ್ರಿ ಜೀವನ ಜ್ಯೋತಿಯಲ್ಲಿ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ವಿಮೆ ಸಿಗುತ್ತದೆ.

ಬ್ಯಾಂಕಿನಲ್ಲಿಟ್ಟ ಹಣವನ್ನು ಬೆಲೆಯೇರಿಕೆ ತಿನ್ನುವುದಿಲ್ಲವೇ? ತಿನ್ನುತ್ತದೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ 12 ವರ್ಷಕ್ಕೆ ಎಲ್ಲವೂ ದುಪ್ಪಟ್ಟು. ಹಾಗಾಗಿ ಎಲ್ಲ ಉಳಿತಾಯವನ್ನೂ ಎಫ್‌ಡಿಯಲ್ಲೇ ಕೂಡಿಹಾಕಿ ಅರವತ್ತಕ್ಕೆ ನೆಮ್ಮದಿ ನಿರೀಕ್ಷಿಸಿದರೆ ಮೋಸಹೋಗುವುದು ಖಂಡಿತ. ಆದರೆ 2020ರ ಮೊದಲ ಮೂರು ತಿಂಗಳನ್ನು ನೆನಪಿಸಿಕೊಳ್ಳಿ. ಜನವರಿ ಮಧ್ಯದಲ್ಲಿ 41,900ರ ಮೇಲಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗಿಳಿಯಿತು. ಎರಡು ದಿನದಲ್ಲಿ ಲಾಕ್‌ಡೌನ್ ಬಂತು, ಸಂಬಳ ಕಡಿತ ಬಂತು, ಕೆಲಸಗಳು ಹೋದವು. ಪೇಟೆ ಕುಸಿಯುವ ಕಾಲವೂ ಕೆಲಸ ಹೋಗುವ ಕಾಲವೂ ಒಂದೇ ಆಗಿರುವುದು ಆಕಸ್ಮಿಕವೇನಲ್ಲ, ಎರಡಕ್ಕೂ ಕಾರಣ ಒಂದೇ. ನವೆಂಬರ್ ಹೊತ್ತಿಗೆ ಸೂಚ್ಯಂಕ ಹಳೆಯ ಎತ್ತರ ದಾಟಿತು. ಎಂಟು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದವರು ಷೇರು ಮುಟ್ಟದೆ ಆ ಕಾಲ ದಾಟಿದರು. ಇಲ್ಲದವರು ಏಪ್ರಿಲಿನಲ್ಲಿ ಪಾತಾಳದ ಬೆಲೆಗೆ ಮಾರಿ ಮನೆ ನಡೆಸಿದರು. ಮೊದಲ ಆರೇಳು ತಿಂಗಳ ಹಣವಿರುವುದು ಬೆಳೆಯಲಿಕ್ಕಲ್ಲ, ಉಳಿದ ಹಣ ಬೆಳೆಯುವಾಗ ಅದನ್ನು ಕಾಯಲಿಕ್ಕೆ. ಅದರಾಚೆಯದು ಪಿಪಿಎಫ್‌ಗೋ, ಸೂಚ್ಯಂಕ ಫಂಡಿಗೋ ಹೋಗಬೇಕು, ಅಲ್ಲಿ ವರ್ಷಾನುಗಟ್ಟಲೆ ಕೂರಬೇಕು.

ಇದೆಲ್ಲ ಉಳ್ಳವರ ಮಾತು ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದುದು, ಅದರಲ್ಲಿ ಬಹುಪಾಲು ನಿಜವೂ ಇದೆ. 2025ರ ಆರಂಭದಲ್ಲಿ ಚಾಮರಾಜನಗರದಂಥ ಜಿಲ್ಲೆಗಳಿಂದ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ತಂದಿತು. ವಸೂಲಿಗಾರನ ದೌರ್ಜನ್ಯಕ್ಕೆ ಅದು ಉತ್ತರ. ಆದರೆ ಸಾಲದ ಗಾತ್ರಕ್ಕೆ? ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬದ ಒಟ್ಟು ಕಂತು ತಿಂಗಳ ಆದಾಯದ ಅರ್ಧ ಮೀರಬಾರದು. ಅರ್ಧ! ತಿಂಗಳಿಗೆ 20 ಸಾವಿರ ಬರುವ ಮನೆಯಲ್ಲಿ 10 ಸಾವಿರ ಬಾಗದ ಖರ್ಚಾದ ಮೇಲೆ ಒಂದು ಜ್ವರ, ಒಂದು ಮಳೆಯಿಲ್ಲದ ತಿಂಗಳು ಸಾಕು, ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ತರಬೇಕಾಗುತ್ತದೆ. ಅಂಥ ಮನೆಗೆ ಕಾಫಿ ಕುಡಿಯುವುದು ಬಿಟ್ಟು ಉಳಿಸಿ ಎನ್ನುವುದು ಹೃದಯಹೀನತೆ. ಅವರ ಎಣಿಕೆ ಸೊನ್ನೆಗಿಂತ ಕೆಳಗಿದೆ. ಅಲ್ಲಿ ಕೆಲಸ ಮಾಡಬೇಕಾದದ್ದು ಸರ್ಕಾರ, ಅದೂ ಭಾಗಾಕಾರದ ಕೆಳಗಿನ ಸಂಖ್ಯೆಯ ಮೇಲೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಿಕ್ಕ ಉಚಿತ ಬಸ್ ಪ್ರಯಾಣ, ನಡೆಯುವ ಸರ್ಕಾರಿ ಶಾಲೆ, ಔಷಧಿಯಿರುವ ತಾಲ್ಲೂಕು ಆಸ್ಪತ್ರೆ, ಇವು ಬಡ ಮನೆಯ ತಿಂಗಳ ಖರ್ಚನ್ನು ಇಳಿಸುತ್ತವೆ. ಮಧ್ಯಮ ವರ್ಗ ಇವನ್ನು ಬಿಟ್ಟಿ ಎಂದು ಕರೆಯುವಾಗ ತನ್ನ ಖರ್ಚಿನ ದೊಡ್ಡ ಪಾಲು ಖಾಸಗಿ ಶಾಲೆಗೂ ಖಾಸಗಿ ಆಸ್ಪತ್ರೆಗೂ ಹೋಗುತ್ತಿರುವುದನ್ನು ಗಮನಿಸುವುದಿಲ್ಲ. ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಸರ್ಜಾಪುರ ರಸ್ತೆಯ ಮನೆಗೂ ಇನ್ನೊಂದು ತಿಂಗಳು ಸಿಗುತ್ತಿತ್ತು.

ಕುಟುಂಬದ ಹೊಣೆಯ ಪ್ರಶ್ನೆ ಬೇರೆ ಜಾತಿಯದು. ಪಶ್ಚಿಮದ ಪುಸ್ತಕಗಳು ಒಬ್ಬೊಂಟಿ ಮನುಷ್ಯನ ಲೆಕ್ಕ ಹಾಕುತ್ತವೆ. ನಮ್ಮಲ್ಲಿ ಊರಿನ ಅಪ್ಪ ಅಮ್ಮ, ಓದುವ ತಮ್ಮ, ಮದುವೆಯಾಗಬೇಕಾದ ತಂಗಿ ಎಲ್ಲರೂ ಲೆಕ್ಕದ ಒಳಗೇ ಇದ್ದಾರೆ. ಇರಲಿ. ಕೆಲಸ ಹೋದಾಗ ಅಕ್ಕಿ ಮೂಟೆ ಕಳಿಸುವವರೂ ಅವರೇ. ಊರಿಗೆ ಕಳಿಸುವ ಹಣವನ್ನು ದಾನವೆಂದು ಹೊರಗಿಡದೆ ತಿಂಗಳ ಖರ್ಚಿನೊಳಗೇ ಬರೆದುಕೊಂಡರೆ ಲೆಕ್ಕ ಪ್ರಾಮಾಣಿಕವಾಗುತ್ತದೆ. ಮದುವೆಗಳ ಬಗ್ಗೆ ಹೇಳಿದಷ್ಟೂ ಕಡಿಮೆ, ಮೂರು ದಿನದ ಛತ್ರಕ್ಕೆ ಮೂವತ್ತು ತಿಂಗಳು ಕೊಡುವ ಸಮಾಜ ನಮ್ಮದು. ಆದರೆ ಯಾರೂ ಮಾತಾಡದ ಅಪಾಯ ಜಾಮೀನಿನದು. ಸೊಸೈಟಿಯಲ್ಲಿ ಭಾವನ ಸಾಲಕ್ಕೆ, ಸಹೋದ್ಯೋಗಿಯ ಸಾಲಕ್ಕೆ ಹಾಕುವ ಸಹಿಯನ್ನು ಜನ ಸಾಕ್ಷಿಯ ಸಹಿಯಂತೆ ಭಾವಿಸುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕ್ ಮೊದಲು ಸಾಲಗಾರನ ಹಿಂದೆ ಹೋಗಿ ಸುಸ್ತಾಗಬೇಕೆಂಬ ನಿಯಮವಿಲ್ಲ, ನೇರವಾಗಿ ಜಾಮೀನು ಹಾಕಿದವರ ಬಳಿಗೇ ವಸೂಲಿಗೆ ಬರಬಹುದು. ಕಾಸು ಕಾಸು ಸೇರಿಸಿದ ಹತ್ತು ತಿಂಗಳು ಒಂದು ಸಹಿಯಲ್ಲಿ ಇನ್ನೊಬ್ಬನ ತಿಂಗಳಾಗಿಬಿಡುತ್ತದೆ. ಕೈಲಾದಷ್ಟು ಹಣವನ್ನು ಹಾಗೆಯೇ ಕೊಟ್ಟು ಮರೆತುಬಿಡುವುದು ಜಾಮೀನಿಗಿಂತ ಅಗ್ಗ, ನೆಂಟಸ್ತನವೂ ಉಳಿಯುತ್ತದೆ.

ಹಾಗಾದರೆ ಎಷ್ಟು ತಿಂಗಳು ಸಾಕು? ಸರ್ಕಾರಿ ನೌಕರರಿಗೆ ಮೂರು ನಡೆದೀತು, ಖಾಸಗಿ ಕಂಪನಿಯವರಿಗೆ ಆರರಿಂದ ಒಂಬತ್ತು, ಆಟೊ ಓಡಿಸುವವರು, ಅಂಗಡಿ ಇಟ್ಟವರು, ಆ್ಯಪ್ ಮೂಲಕ ಊಟ ತಲುಪಿಸುವವರು ಹನ್ನೆರಡರತ್ತ ನೋಡಬೇಕು. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕೂಡಿಡುವುದು ಕಷ್ಟ ಎಂಬುದು ಈ ಲೆಕ್ಕದ ಕಹಿ. ರಾಜ್ಯ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಸಂಗ್ರಹಿಸಲು ದಾರಿ ಮಾಡಿದೆ. ಆ ಹಣ ಅಪಘಾತ ಪರಿಹಾರಕ್ಕಷ್ಟೇ ಅಲ್ಲದೆ ಕೆಲಸವಿಲ್ಲದ ತಿಂಗಳಿಗೂ ಒದಗುವಂತಾದರೆ ಅದು ಹೊಸ ಕಾಲದ ಪಿಗ್ಮಿಯಾಗಬಹುದು. ಬ್ಯಾಂಕುಗಳಿಂದಲೂ ಒಂದು ಸಣ್ಣ ಬದಲಾವಣೆ ಕೇಳಬಹುದು. 2024ರ ಅಕ್ಟೋಬರ್‌ನಿಂದ ಪ್ರತಿ ಚಿಲ್ಲರೆ ಸಾಲದ ಜೊತೆ ಮುಖ್ಯಾಂಶಗಳ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡ ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ. ಅದಕ್ಕೆ ಇನ್ನೊಂದು ಸಾಲು ಸೇರಲಿ: ಈ ಕಂತು ಸೇರಿದ ಮೇಲೆ, ಸಾಲಗಾರರ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು. ಗ್ರಾಹಕರು ತಮ್ಮ ಬೇರೆ ಖಾತೆಗಳ ವಿವರ ಕೊಡುವುದಿಲ್ಲ ಎಂದು ಬ್ಯಾಂಕುಗಳು ನೆಪ ಹೇಳಬಹುದು. ಸಾಲ ಮಂಜೂರು ಮಾಡಲು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ತಿಂಗಳ ಸಂಬಳದ ಚೀಟಿ ಹೇಗೂ ತರಿಸಿಕೊಳ್ಳುತ್ತಾರೆ, ಕಂತು ಕಟ್ಟುವ ಶಕ್ತಿ ಎಷ್ಟೆಂದು ಅವುಗಳಿಂದಲೇ ಅಳೆಯುತ್ತಾರೆ. ಸಂಬಳ ನಿಂತ ಮೇಲಿನ ಲೆಕ್ಕಕ್ಕೂ ಅದೇ ಕಾಗದಗಳು ಸಾಕು.